ಆಸ್ಪತ್ರೆ, ಕಾಲೇಜು, ನಡುವೆ ವಿದ್ಯಾರ್ಥಿ: ಡಿಎನ್‌ಪಿ ಪ್ರಾಜೆಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಅಂದರೆ ಡಿಎನ್‌ಪಿ ಓದುತ್ತಿರುವ ನರ್ಸ್‌ಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಪಾಠದ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಕಾಲೇಜು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಎಳೆಯುವಾಗ ಏನು ಮಾಡಬೇಕು ಅಂತಲೇ ಕೇಳುತ್ತಾರೆ. ನಾನು ಮೊದಲು ವಾರ್ಡ್ ನರ್ಸ್ ಆಗಿದ್ದೆ. ಆಮೇಲೆ ಡಿಎನ್‌ಪಿ ವಿದ್ಯಾರ್ಥಿ ಆದೆ. ಈಗ ಆಸ್ಪತ್ರೆ ಕಡೆಯಿಂದ ವಿದ್ಯಾರ್ಥಿಗಳಿಗೆ ಮೆಂಟರ್ ಆಗಿದ್ದೇನೆ. ಈ ಮೂರೂ ಕಡೆಯಿಂದ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

## ಶುರು ಮಾಡುವವರಿಗೆ

ಡಿಎನ್‌ಪಿ ಅಂದ್ರೆ ಪಿಎಚ್‌ಡಿ ಥರಾನೇ ಅಲ್ವಾ? ಪ್ರಾಜೆಕ್ಟ್ ಅಂತ ಯಾಕೆ ಕರೀತಾರೆ?

ಎರಡೂ ಡಾಕ್ಟರೇಟೇ. ಕೆಲಸ ಮಾತ್ರ ಬೇರೆ. ಪಿಎಚ್‌ಡಿ ಮಾಡುವವರು ಹೊಸ ಜ್ಞಾನ ಹುಡುಕುತ್ತಾರೆ. ಡಿಎನ್‌ಪಿ ಮಾಡುವವರು ಈಗಾಗಲೇ ಗೊತ್ತಿರುವುದನ್ನು ರೋಗಿಯ ಹಾಸಿಗೆಯವರೆಗೆ ತಂದು ಮುಟ್ಟಿಸುತ್ತಾರೆ. ಒಂದು ಪದ್ಧತಿ ಒಳ್ಳೆಯದು ಅಂತ ಸಂಶೋಧನೆ ಹೇಳಿ ಎಷ್ಟೋ ವರ್ಷ ಆಗಿರುತ್ತದೆ, ಆದರೂ ವಾರ್ಡಿನಲ್ಲಿ ಅದು ನಡೆಯುತ್ತಿರುವುದಿಲ್ಲ. ಆ ಅಂತರವನ್ನು ಕಡಿಮೆ ಮಾಡುವುದೇ ನಿಮ್ಮ ಪ್ರಾಜೆಕ್ಟ್.

ಈ ಡಿಗ್ರಿಗೆ ವೇಗ ಸಿಕ್ಕಿದ್ದು 2004ರಲ್ಲಿ. ಉನ್ನತ ಮಟ್ಟದ ಕ್ಲಿನಿಕಲ್ ನರ್ಸಿಂಗ್‌ಗೆ ಡಾಕ್ಟರೇಟ್ ಬೇಕು ಅಂತ ಅಮೆರಿಕನ್ ಅಸೋಸಿಯೇಷನ್ ಆಫ್ ಕಾಲೇಜಸ್ ಆಫ್ ನರ್ಸಿಂಗ್ ಆ ವರ್ಷ ನಿಲುವು ತೆಗೆದುಕೊಂಡಿತು. 2006ರಲ್ಲಿ ಪಠ್ಯಕ್ರಮದ ಚೌಕಟ್ಟು ಬಂತು. ಪ್ರಾಜೆಕ್ಟ್ ಹೇಗಿರಬೇಕು ಅನ್ನುವ ಗೊಂದಲ ಆಮೇಲೂ ಇತ್ತು. ಹಾಗಾಗಿ ಅದೇ ಸಂಸ್ಥೆ 2015ರಲ್ಲಿ ಇನ್ನೊಂದು ವರದಿ ತಂದಿತು. ಬದಲಾವಣೆಯನ್ನು ನಿಜವಾಗಿ ಜಾರಿ ಮಾಡಬೇಕು, ಫಲಿತಾಂಶ ಅಳೆಯಬೇಕು, ಮುಂದೆ ಅದು ಹೇಗೆ ಉಳಿಯುತ್ತದೆ ಅಂತ ಯೋಜನೆ ಇರಬೇಕು ಅಂತ ಅದು ಹೇಳಿತು. ಬರೀ ಸಾಹಿತ್ಯ ಪರಿಶೀಲನೆ, ಅಂದರೆ ಈಗಾಗಲೇ ಬಂದ ಸಂಶೋಧನಾ ಲೇಖನಗಳ ಪರಿಶೀಲನೆ, ಮಾಡಿ ಕೊಟ್ಟರೆ ಸಾಲದು ಅಂತಲೂ ಸ್ಪಷ್ಟ ಮಾಡಿತು. ಪಿಎಚ್‌ಡಿಯ ಜೊತೆ ಗೊಂದಲ ಆಗದಿರಲಿ ಅಂತಲೇ ಡಿಎನ್‌ಪಿ ಪ್ರಾಜೆಕ್ಟ್ ಅನ್ನುವ ಹೆಸರನ್ನು ಬಳಸಲು ಸೂಚಿಸಿತು.

ಡಿಗ್ರಿ ಕೊಡೋದು ಕಾಲೇಜು. ಆಸ್ಪತ್ರೆ ಯಾಕೆ ಇಷ್ಟು ಮುಖ್ಯ?

ಜಾರಿ ಆಗುವುದು ಆಸ್ಪತ್ರೆಯಲ್ಲೇ ಅಲ್ವಾ? ರೋಗಿಗಳು ಅಲ್ಲಿದ್ದಾರೆ, ಡೇಟಾ ಅಲ್ಲಿದೆ. ಬದಲಾದ ಪದ್ಧತಿಯಲ್ಲಿ ಕೆಲಸ ಮಾಡಬೇಕಾದ ನರ್ಸ್‌ಗಳೂ ಅಲ್ಲೇ ಇದ್ದಾರೆ. ಆಸ್ಪತ್ರೆಯನ್ನು ಪರೀಕ್ಷೆ ಬರೆಯುವ ಹಾಲ್ ಥರ ನೋಡಿದ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಕುಂಟುತ್ತವೆ. ಆಸ್ಪತ್ರೆಯೂ ಇದು ನಮ್ಮ ಕೆಲಸ ಅಂತ ಅಂದುಕೊಂಡಾಗ ಮಾತ್ರ ಪ್ರಾಜೆಕ್ಟ್ ಮುಂದೆ ಹೋಗುತ್ತದೆ. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನ ವಿವರಣೆಯೇ.

ನಾನು ಕೆಲಸ ಮಾಡೋ ಆಸ್ಪತ್ರೆಯಲ್ಲೇ ಪ್ರಾಜೆಕ್ಟ್ ಮಾಡಬಹುದಾ?

ಕಾಲೇಜು ಒಪ್ಪಿದರೆ ಮಾಡಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ಯಾರ ಹತ್ತಿರ ಮಾತಾಡಬೇಕು, ಯಾವ ಮೀಟಿಂಗ್ ಯಾವಾಗ ಅಂತ ನಿಮಗೆ ಗೊತ್ತಿರುವುದು ದೊಡ್ಡ ಅನುಕೂಲ.

ಎರಡು ಎಚ್ಚರಿಕೆ ಇರಲಿ. ಸಂಬಳದ ಸಮಯ, ಪ್ರಾಜೆಕ್ಟ್ ಸಮಯ ಎರಡೂ ಕಲೆಯಬಾರದು. ಡ್ಯೂಟಿಯಲ್ಲಿದ್ದ ಗಂಟೆಗಳನ್ನು ಕಾಲೇಜಿನ ಕ್ಲಿನಿಕಲ್ ಗಂಟೆಗಳ ಲೆಕ್ಕಕ್ಕೆ ಸೇರಿಸಬಹುದಾ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಇನ್ನೊಂದು, ನೀವೇ ಆ ವಾರ್ಡಿನ ಮ್ಯಾನೇಜರ್ ಆಗಿದ್ದರೆ ನಿಮ್ಮ ಕೈಕೆಳಗಿನವರು ನಿಮ್ಮ ಸರ್ವೆಗೆ ಬೇಡ ಅನ್ನುವುದು ಕಷ್ಟ. ಅಂಥ ಕಡೆ ಬೇರೆ ವಾರ್ಡ್ ಆರಿಸಿ. ಇಲ್ಲವೇ ಸರ್ವೆ ಹಂಚುವ, ವಾಪಸ್ ಪಡೆಯುವ ಕೆಲಸವನ್ನು ಬೇರೆಯವರಿಗೆ ಬಿಡಿ.

ಮೊದಲು ಯಾರ ಹತ್ರ ಹೋಗಬೇಕು? ಸಿಎನ್‌ಒಗೆ ನೇರವಾಗಿ ಮೇಲ್ ಹಾಕ್ಲಾ?

ಬೇಡ. ಸಿಎನ್‌ಒ, ಅಂದರೆ ಮುಖ್ಯ ನರ್ಸಿಂಗ್ ಅಧಿಕಾರಿಯ ಸಹಿ ಕೊನೆಗೆ ಬೇಕಾಗಬಹುದು. ಆದರೆ ಶುರು ಅಲ್ಲಿಂದ ಅಲ್ಲ. ಮೊದಲು ಆ ವಾರ್ಡಿನ ನರ್ಸ್ ಮ್ಯಾನೇಜರ್ ಹತ್ತಿರ ಹೋಗಿ. ಆಮೇಲೆ ಆಸ್ಪತ್ರೆಯಲ್ಲಿ ನರ್ಸಿಂಗ್ ರಿಸರ್ಚ್ ಕೌನ್ಸಿಲ್ ಇದೆಯಾ, ಕ್ವಾಲಿಟಿ ವಿಭಾಗದಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ಕ್ವಾಲಿಟಿ ವಿಭಾಗದವರ ಪರಿಚಯವನ್ನು ಬೇಗ ಮಾಡಿಕೊಳ್ಳಿ. ಯಾವ ಸಂಖ್ಯೆಯನ್ನು ಆಸ್ಪತ್ರೆ ಈಗಾಗಲೇ ಎಣಿಸುತ್ತಿದೆ ಅಂತ ಅವರಿಗೆ ಗೊತ್ತು. ಅದು ನಿಮಗೆ ತಿಂಗಳುಗಟ್ಟಲೆ ಕೆಲಸ ಉಳಿಸುತ್ತದೆ.

## ವಿಷಯ ಆರಿಸುವಾಗ

ನನಗೆ ಇಷ್ಟವಾದ ವಿಷಯ ಇದೆ, ಗೈಡ್ ಕೂಡ ಒಪ್ಪಿದ್ದಾರೆ. ಆಸ್ಪತ್ರೆಯವರು ಮಾತ್ರ ಆಸಕ್ತಿ ತೋರಿಸ್ತಿಲ್ಲ. ಹೇಗೆ ಒಪ್ಪಿಸೋದು?

ಒಪ್ಪಿಸಲು ಹೋಗಬೇಡಿ. ಕೇಳಲು ಹೋಗಿ. ಕಟುವಾಗಿ ಕೇಳಿಸಬಹುದು, ಆದರೆ ನನಗೆ ಗೊತ್ತಿರುವ ಮುಖ್ಯವಾದ ಸಲಹೆ ಇದೇ.

ಸಾಕ್ಷ್ಯಾಧಾರಿತ ನರ್ಸಿಂಗ್‌ನಲ್ಲಿ ತುಂಬಾ ಬಳಕೆಯಲ್ಲಿರುವ ಐಯೋವಾ ಮಾದರಿಯನ್ನೇ ನೋಡಿ. ಸಮಸ್ಯೆ ಗುರುತಿಸಿ ಪ್ರಶ್ನೆ ಬರೆದುಕೊಂಡ ಕೂಡಲೇ ಅದು ನಿಮ್ಮನ್ನು ಒಂದು ಕಡೆ ನಿಲ್ಲಿಸುತ್ತದೆ: ಈ ವಿಷಯಕ್ಕೆ ಆದ್ಯತೆ ಇದೆಯಾ? ಇಲ್ಲ ಅಂತಾದರೆ ಬೇರೆ ವಿಷಯ ನೋಡಿ ಅನ್ನುತ್ತದೆ. ಸಾಹಿತ್ಯ ಹುಡುಕುವುದು, ತಂಡ ಕಟ್ಟುವುದು ಎಲ್ಲಾ ಅದರ ಆಚೆಗೆ.

ಮ್ಯಾನೇಜರ್ ಹತ್ತಿರ ಹೋದಾಗ ಪ್ರಸ್ತಾವನೆ ಕೈಯಲ್ಲಿ ಇಟ್ಟುಕೊಂಡು ಹೋಗಬೇಡಿ. ಎರಡು ಪ್ರಶ್ನೆ ಇಟ್ಟುಕೊಂಡು ಹೋಗಿ. ಕಳೆದ ಆರು ತಿಂಗಳಲ್ಲಿ ನಿಮಗೆ ನಿದ್ದೆ ಕೆಡಿಸಿದ್ದು ಏನು? ಕೈ ಹಾಕಬೇಕು ಅಂತಿದ್ದು ಜನ ಸಾಲದೆ ಬಿಟ್ಟ ಕೆಲಸ ಯಾವುದು? ಉತ್ತರ ಕೇಳಿಸಿಕೊಳ್ಳಿ. ನಿಮ್ಮ ಆಸಕ್ತಿಗೆ ಅದರೊಳಗೆ ಎಲ್ಲೋ ಒಂದು ಜಾಗ ಸಿಗುತ್ತದೆ. ಒಬ್ಬ ವಿದ್ಯಾರ್ಥಿನಿಗೆ ನರ್ಸ್‌ಗಳ ಮಾನಸಿಕ ಆಯಾಸದ ಬಗ್ಗೆ ಪ್ರಾಜೆಕ್ಟ್ ಮಾಡುವ ಆಸೆ ಇತ್ತು. ಮ್ಯಾನೇಜರ್‌ಗೆ ಚಿಂತೆ ಇದ್ದದ್ದು ಶಿಫ್ಟ್ ಬದಲಾಗುವಾಗ ಮಾಹಿತಿ ಬಿಟ್ಟುಹೋಗುವುದರ ಬಗ್ಗೆ. ಕೂತು ಮಾತಾಡಿದಾಗ ಎರಡಕ್ಕೂ ನಂಟಿದೆ ಅಂತ ತಿಳಿಯಿತು. ಹ್ಯಾಂಡ್‌ಆಫ್, ಅಂದರೆ ಮುಂದಿನ ಶಿಫ್ಟ್‌ನವರಿಗೆ ಮಾಹಿತಿ ಒಪ್ಪಿಸುವುದು, ಗೊಂದಲವಾದ ದಿನ ನರ್ಸ್‌ಗಳು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿರಲಿಲ್ಲ. ಆ ವಿದ್ಯಾರ್ಥಿನಿ ಹ್ಯಾಂಡ್‌ಆಫ್ ಮೇಲೆ ಕೆಲಸ ಮಾಡಿದರು. ಶಿಫ್ಟ್ ಮುಗಿದ ಮೇಲೆ ಎಷ್ಟು ನಿಮಿಷ ಉಳಿಯಬೇಕಾಯಿತು ಅಂತಲೂ ಅಳೆದರು.

ವಿಷಯ ಎಷ್ಟು ಚಿಕ್ಕದಾಗಿರಬೇಕು?

ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ವಾರ್ಡ್, ಒಂದು ಪದ್ಧತಿ, ಒಂದು ಮುಖ್ಯ ಅಳತೆ. ಇಡೀ ಆಸ್ಪತ್ರೆಯಲ್ಲಿ ಸೋಂಕು ಕಡಿಮೆ ಮಾಡುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಒಂದು ವಾರ್ಡಿನಲ್ಲಿ, ಅಗತ್ಯ ಮುಗಿದ ಮೇಲೂ ಉಳಿದಿರುವ ಮೂತ್ರದ ಕ್ಯಾತಿಟರ್‌ಗಳನ್ನು ದಿನಾ ಬೆಳಗ್ಗೆ ಗುರುತಿಸಿ ತೆಗೆಸುತ್ತೇನೆ ಅಂದರೆ ಆಗುತ್ತದೆ.

ನಾವು ಮೂವರು ಸೇರಿ ಒಂದೇ ಪ್ರಾಜೆಕ್ಟ್ ಮಾಡಬಹುದಾ?

ಮಾಡಬಹುದು. 2015ರ ವರದಿಯೇ ಗುಂಪು ಪ್ರಾಜೆಕ್ಟ್‌ಗೆ ಅವಕಾಶ ಕೊಟ್ಟಿದೆ. ಆದರೆ ಪ್ರತಿಯೊಬ್ಬರ ಕೆಲಸವೂ ಬೇರೆಯಾಗಿ ಕಾಣಬೇಕು, ಮೌಲ್ಯಮಾಪನವೂ ಬೇರೆಯಾಗಿ ಆಗಬೇಕು. ಒಂದೇ ಬದಲಾವಣೆಯನ್ನು ಮೂವರು ಮೂರು ವಾರ್ಡಿನಲ್ಲಿ ಜಾರಿ ಮಾಡುವುದು ನನಗೆ ಇಷ್ಟವಾದ ದಾರಿ. ಆಸ್ಪತ್ರೆಗೂ ಅದರಿಂದ ಜಾಸ್ತಿ ಲಾಭ. ನಿಮ್ಮ ಕಾಲೇಜಿನ ನಿಯಮವನ್ನು ಮಾತ್ರ ಮೊದಲು ಓದಿಕೊಳ್ಳಿ.

## ಅನುಮತಿ ಮತ್ತು ಕಾಗದಪತ್ರ

ಕಾಲೇಜಿಗೂ ಆಸ್ಪತ್ರೆಗೂ ಒಪ್ಪಂದ ಇದೆಯಂತೆ. ಮತ್ತೆ ನಾನು ಬೇರೆ ಪತ್ರ ಯಾಕೆ ತರಬೇಕು?

ಆ ಒಪ್ಪಂದ ಸಾಮಾನ್ಯವಾಗಿ ಕ್ಲಿನಿಕಲ್ ತರಬೇತಿಗೆ ಮಾಡಿಕೊಂಡದ್ದು. ವಿದ್ಯಾರ್ಥಿ ವಾರ್ಡಿಗೆ ಬರಬಹುದು, ವಿಮೆ ಯಾರದ್ದು, ಲಸಿಕೆ ದಾಖಲೆ ಏನು ಬೇಕು ಅನ್ನುವುದೆಲ್ಲಾ ಅದರಲ್ಲಿ ಇರುತ್ತದೆ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಏನೂ ಇರುವುದಿಲ್ಲ. ಪ್ರಾಜೆಕ್ಟ್‌ಗೆ ಆಸ್ಪತ್ರೆಯಿಂದ ಒಂದು ಒಪ್ಪಿಗೆ ಪತ್ರ ಬೇಕು. ಏನು ಮಾಡುತ್ತೀರಿ, ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಡೇಟಾ ಯಾರು ತೆಗೆದುಕೊಡುತ್ತಾರೆ, ಮುಗಿದ ಮೇಲೆ ಯಾವ ವರದಿ ಕೊಡುತ್ತೀರಿ ಅಂತ ಅದರಲ್ಲಿ ಬರೆದಿರಲಿ. ಒಂದೇ ಪುಟ ಸಾಕು. ಮುಂದೆ ಮ್ಯಾನೇಜರ್ ಬದಲಾದಾಗ ನಿಮ್ಮನ್ನು ಕಾಪಾಡುವುದು ಆ ಒಂದು ಪುಟವೇ.

ಇದು ಕ್ವಾಲಿಟಿ ಪ್ರಾಜೆಕ್ಟ್ ಅಷ್ಟೇ. ಐಆರ್‌ಬಿ ಬೇಕಾ ಬೇಡ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಐಆರ್‌ಬಿ ಅಂದರೆ ಮನುಷ್ಯರ ಮೇಲಿನ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿ. ಕಾಮನ್ ರೂಲ್ ಅಂತ ಕರೆಯುವ ಫೆಡರಲ್ ನಿಯಮದ ಪ್ರಕಾರ ಸಂಶೋಧನೆ ಅಂದರೆ ಎಲ್ಲೆಡೆ ಅನ್ವಯವಾಗುವ ಜ್ಞಾನವನ್ನು ಬೆಳೆಸಲು ವ್ಯವಸ್ಥಿತವಾಗಿ ಮಾಡುವ ತನಿಖೆ. ನಿಮ್ಮ ಉದ್ದೇಶ ಈ ವಾರ್ಡಿನ ಸೇವೆ ಸುಧಾರಿಸುವುದು ಮಾತ್ರ ಆಗಿದ್ದರೆ ಹೆಚ್ಚಾಗಿ ಅದು ಸಂಶೋಧನೆ ಅಲ್ಲ. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಇನ್ನೂ ಸಾಬೀತಾಗದ ವಿಧಾನವನ್ನು ಪರೀಕ್ಷಿಸಿದರೆ ಅದು ಸಂಶೋಧನೆ. ನಡುವೆ ಇರುವ ಪ್ರಾಜೆಕ್ಟ್‌ಗಳೇ ಜಾಸ್ತಿ. ತೊಂದರೆ ಅಲ್ಲೇ.

ಅದನ್ನು ತೀರ್ಮಾನ ಮಾಡುವವರು ನೀವಲ್ಲ. ನಿಮ್ಮ ಗೈಡ್ ಕೂಡ ಅಲ್ಲ. ಐಆರ್‌ಬಿಗೆ ಅಥವಾ ಸಂಸ್ಥೆ ಅದಕ್ಕೆಂದೇ ನೇಮಿಸಿದ ಕಚೇರಿಗೆ ವಿವರ ಕಳಿಸಿ, ಇದು ಸಂಶೋಧನೆ ಅಲ್ಲ ಅಂತಾದರೆ ಹಾಗೆಂದು ಪತ್ರದಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಸಾಲದು. ಕೆಲಸ ಮುಗಿದ ಮೇಲೆ ಹೋಗಿ ಕೇಳಿದರೆ ಯಾರೂ ಹಿಂದಿನ ತಾರೀಕಿಗೆ ಅನುಮತಿ ಕೊಡುವುದಿಲ್ಲ.

ಕಾಲೇಜಿನ ಐಆರ್‌ಬಿ ಬೇರೆ, ಆಸ್ಪತ್ರೆಯದು ಬೇರೆ. ಒಂದರ ತೀರ್ಮಾನವನ್ನು ಇನ್ನೊಂದು ಒಪ್ಪುವ ಲಿಖಿತ ಏರ್ಪಾಡು ಇದ್ದರೆ ನಿಮಗೆ ಅರ್ಧ ಓಡಾಟ ಉಳಿಯುತ್ತದೆ. ಅಂಥದ್ದು ಇದೆಯಾ ಅಂತ ಮೊದಲ ವಾರದಲ್ಲೇ ಕೇಳಿ. ಇಲ್ಲದಿದ್ದರೆ ಯಾವ ಕಡೆ ಮೊದಲು ಹೋಗಬೇಕು ಅಂತ ಕೇಳಿ. ಇವರು ಅವರ ಪತ್ರ ಬರಲಿ ಅಂತ, ಅವರು ಇವರ ಪತ್ರ ಬರಲಿ ಅಂತ ಕಾಯುತ್ತಾ ಕೂತರೆ ಒಂದು ಇಡೀ ಸೆಮಿಸ್ಟರ್ ಹೋಗಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಪ್ರಕಟಿಸಬೇಕು ಅಂದರೆ ಅದು ಸಂಶೋಧನೆಯೇ ಆಗಬೇಕು ಅಂತ. ಹಾಗೇನಿಲ್ಲ. ಪ್ರಕಟಿಸುವ ಉದ್ದೇಶ ಇದೆ ಅನ್ನುವ ಒಂದೇ ಕಾರಣಕ್ಕೆ ಕ್ವಾಲಿಟಿ ಕೆಲಸ ಸಂಶೋಧನೆ ಆಗುವುದಿಲ್ಲ ಅಂತ ಫೆಡರಲ್ ಕಚೇರಿಯ ವಿವರಣೆಯಲ್ಲೇ ಇದೆ. ಆದರೆ ಲೇಖನದಲ್ಲಿ ಐಆರ್‌ಬಿ ಅನುಮೋದನೆ ಸಿಕ್ಕಿದೆ ಅಂತ ಬರೆಯಬೇಡಿ. ಸಂಶೋಧನೆ ಅಲ್ಲ ಎಂದು ತೀರ್ಮಾನಿಸಲಾಗಿದೆ ಅಂತ ಬರೆಯಿರಿ. ಎರಡೂ ಒಂದೇ ಅಲ್ಲ.

ರೋಗಿಗಳ ಡೇಟಾವನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡು ಕಾಲೇಜಿನಲ್ಲಿ ವಿಶ್ಲೇಷಣೆ ಮಾಡಬಹುದಾ? ಹೆಸರು ತೆಗೆದಿರ್ತೀನಿ.

ಹೆಸರು ತೆಗೆದರೆ ಸಾಲದು. ಅಮೆರಿಕದ 1996ರ ಹಿಪಾ ಕಾನೂನಿನ ಅಡಿಯಲ್ಲಿ ಬರುವ, ರೋಗಿಗಳ ಆರೋಗ್ಯ ಮಾಹಿತಿಯ ಖಾಸಗಿತನದ ನಿಯಮ, ಒಬ್ಬ ರೋಗಿಯನ್ನು ಗುರುತಿಸಬಲ್ಲ 18 ಬಗೆಯ ವಿವರಗಳನ್ನು ಪಟ್ಟಿ ಮಾಡಿದೆ. ಸುಲಭವಾದ ದಾರಿ ಹಿಡಿದರೆ ಆ 18ನ್ನೂ ತೆಗೆಯಬೇಕು. ವಿದ್ಯಾರ್ಥಿಗಳು ಎಡವುವುದು ತಾರೀಕಿನಲ್ಲಿ. ದಾಖಲಾದ ದಿನ, ಡಿಸ್ಚಾರ್ಜ್ ಆದ ದಿನ, ಹುಟ್ಟಿದ ದಿನ ಎಲ್ಲವೂ ಆ ಪಟ್ಟಿಯಲ್ಲಿವೆ. ವರ್ಷ ಮಾತ್ರ ಉಳಿಸಿಕೊಳ್ಳಬಹುದು. 89 ದಾಟಿದ ವಯಸ್ಸನ್ನು ಇದ್ದ ಹಾಗೆ ಬರೆಯುವಂತಿಲ್ಲ. 90 ಮತ್ತು ಮೇಲ್ಪಟ್ಟವರು ಅಂತ ಒಟ್ಟಿಗೆ ಸೇರಿಸಬೇಕು.

ತಾರೀಕು ಬೇಕೇ ಬೇಕು ಅಂತಿದ್ದರೆ ಇನ್ನೊಂದು ದಾರಿ ಇದೆ. ಹೆಸರು, ವಿಳಾಸ, ದಾಖಲೆ ಸಂಖ್ಯೆ ಇತ್ಯಾದಿ ತೆಗೆದು ತಾರೀಕು ಉಳಿಸಿದ ಸೀಮಿತ ಡೇಟಾವನ್ನು ಒಂದು ಡೇಟಾ ಬಳಕೆ ಒಪ್ಪಂದ ಮಾಡಿಕೊಂಡು ಪಡೆಯಬಹುದು. ಆದರೆ ನಾನು ಹೇಳುವುದು ಇಷ್ಟು: ವಿಶ್ಲೇಷಣೆಯನ್ನು ಆಸ್ಪತ್ರೆಯ ಕಂಪ್ಯೂಟರ್‌ನಲ್ಲೇ ಮುಗಿಸಿ. ಕಾಲೇಜಿಗೆ ಒಟ್ಟು ಸಂಖ್ಯೆಗಳನ್ನು ಮಾತ್ರ ತನ್ನಿ. ವಾರಕ್ಕೆ ಎಷ್ಟು ರೋಗಿಗಳು ವಾರ್ಡಿನಲ್ಲಿ ಬಿದ್ದರು ಅನ್ನುವುದಕ್ಕೆ ಯಾರ ಹುಟ್ಟಿದ ದಿನವೂ ಬೇಡ. ರೆಡ್‌ಕ್ಯಾಪ್ ಥರದ, ಡೇಟಾ ಸಂಗ್ರಹಿಸುವ ಸುರಕ್ಷಿತ ವ್ಯವಸ್ಥೆ ಆಸ್ಪತ್ರೆಯಲ್ಲಿ ಇದ್ದರೆ ಅದನ್ನೇ ಕೇಳಿ ಪಡೆಯಿರಿ.

ಅಲ್ಲೇ ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು. ನಿಮ್ಮ ಉದ್ಯೋಗಿ ಲಾಗಿನ್ ಇರುವುದು ನೀವು ನೋಡಿಕೊಳ್ಳುವ ರೋಗಿಗಳಿಗಾಗಿ. ಅನುಮತಿ ಇಲ್ಲದೆ ಪ್ರಾಜೆಕ್ಟ್‌ಗಾಗಿ ಬೇರೆಯವರ ಚಾರ್ಟ್ ತೆರೆಯಬೇಡಿ. ಯಾರು ಯಾವ ಚಾರ್ಟ್ ಯಾವಾಗ ನೋಡಿದರು ಅನ್ನುವುದು ದಾಖಲಾಗುತ್ತದೆ. ಅದರಿಂದ ಕೆಲಸಕ್ಕೇ ಕುತ್ತು ಬರಬಹುದು.

ಅನುಮತಿಗಳಿಗೆ ಎಷ್ಟು ಸಮಯ ಇಟ್ಕೋಬೇಕು?

ಹಿಂದಿನಿಂದ ಎಣಿಸಿ. ಕೊನೆಯ ವರದಿ ಸಲ್ಲಿಸುವ ದಿನ ಬರೆದುಕೊಳ್ಳಿ. ಅಲ್ಲಿಂದ ಬರೆಯಲು, ವಿಶ್ಲೇಷಿಸಲು, ಜಾರಿ ಮಾಡಲು ಬೇಕಾದ ವಾರಗಳನ್ನು ಕಳೆಯುತ್ತಾ ಬನ್ನಿ. ಆಸ್ಪತ್ರೆಯ ಕೌನ್ಸಿಲ್ ತಿಂಗಳಿಗೆ ಒಮ್ಮೆ ಸೇರುತ್ತಿದ್ದರೆ ಒಂದು ಮೀಟಿಂಗ್ ತಪ್ಪಿದರೆ ಒಂದು ತಿಂಗಳು ಹೋಯಿತು. ಐಟಿ ವಿಭಾಗದಲ್ಲಿ ಡೇಟಾ ಕೇಳುವವರ ಸರದಿ ಉದ್ದ ಇರುತ್ತದೆ. ಎಲೆಕ್ಟ್ರಾನಿಕ್ ದಾಖಲೆ ವ್ಯವಸ್ಥೆ ಬದಲಾಗುವ ತಿಂಗಳು, ಮಾನ್ಯತೆಯ ತಪಾಸಣೆ ಬರುವ ಸಮಯ, ಡಿಸೆಂಬರ್ ರಜೆ, ಬೋಧನಾ ಆಸ್ಪತ್ರೆಯಾದರೆ ಹೊಸ ರೆಸಿಡೆಂಟ್‌ಗಳು, ಅಂದರೆ ತರಬೇತಿಯಲ್ಲಿರುವ ವೈದ್ಯರು ಬರುವ ಜುಲೈ, ಇವುಗಳಲ್ಲಿ ಏನನ್ನೂ ಶುರು ಮಾಡಬೇಡಿ.

## ಕೆಲಸ ನಡೆಯುವಾಗ

ವಾರ್ಡ್ ನರ್ಸ್‌ಗಳು ಸಹಕಾರ ಕೊಡ್ತಿಲ್ಲ. ಫಾರ್ಮ್ ತುಂಬೋದೇ ಇಲ್ಲ. ಏನು ಮಾಡ್ಲಿ?

ನಾನು ವಾರ್ಡಿನಲ್ಲಿದ್ದಾಗ ಒಂದೇ ವರ್ಷ ಮೂವರು ವಿದ್ಯಾರ್ಥಿಗಳು ಬಂದಿದ್ದರು. ಮೂವರೂ ಒಳ್ಳೆಯವರು. ಮೂವರೂ ಒಂದೊಂದು ಹೊಸ ಚೆಕ್‌ಲಿಸ್ಟ್ ತಂದರು. ನಾವು ತುಂಬಿದೆವು. ಸೆಮಿಸ್ಟರ್ ಮುಗಿಯಿತು, ಅವರು ಹೋದರು. ನಾವು ತುಂಬಿದ ಹಾಳೆಗಳಿಂದ ಏನು ತಿಳಿಯಿತು ಅಂತ ಒಬ್ಬರೂ ಬಂದು ಹೇಳಲಿಲ್ಲ. ನಾಲ್ಕನೆಯವರು ಬಂದಾಗ ನಾನು ಅವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅದು ನೆನಪಾದರೆ ಈಗಲೂ ಬೇಸರವಾಗುತ್ತದೆ, ಅವರದ್ದು ಏನೂ ತಪ್ಪಿರಲಿಲ್ಲ.

ಹಾಗಾಗಿ ಫಾರ್ಮ್ ಖಾಲಿ ಬಂದರೆ ನರ್ಸ್‌ಗಳ ಮೇಲೆ ಸಿಟ್ಟಾಗುವ ಮೊದಲು ಆ ವಾರ್ಡಿನಲ್ಲಿ ನಿಮಗಿಂತ ಮುಂಚೆ ಏನಾಗಿತ್ತು ಅಂತ ವಿಚಾರಿಸಿ. ಆಮೇಲೆ ಲೆಕ್ಕ ಹಾಕಿ. ನಿಮ್ಮ ಫಾರ್ಮ್‌ಗೆ ಒಬ್ಬ ರೋಗಿಗೆ ಮೂರು ನಿಮಿಷ, ಒಬ್ಬ ನರ್ಸ್‌ಗೆ ಐವರು ರೋಗಿಗಳು ಅಂದರೆ ಒಂದು ಶಿಫ್ಟ್‌ನಲ್ಲಿ ಹದಿನೈದು ನಿಮಿಷ. ಆ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಒಂದು ಹೊಸ ಕೆಲಸ ಕೊಡುವಾಗ ಒಂದು ಹಳೆಯ ಕೆಲಸವನ್ನು ತೆಗೆಯಲು ಆಗುತ್ತದಾ ನೋಡಿ. ಎರಡು ಕಡೆ ಬರೆಯುವುದನ್ನು ಒಂದೇ ಕಡೆ ಮಾಡಿಸಿದರೂ ಸಾಕು, ಜನ ನಿಮ್ಮ ಜೊತೆ ಬರುತ್ತಾರೆ.

ರಾತ್ರಿ ಶಿಫ್ಟ್‌ನವರನ್ನು ಮರೆಯಬೇಡಿ. ಮಧ್ಯಾಹ್ನ ಎರಡಕ್ಕೆ ತರಬೇತಿ ಇಟ್ಟು, ರಾತ್ರಿಯವರು ಪಾಲಿಸುತ್ತಿಲ್ಲ ಅಂತ ಬರೆದ ವರದಿಗಳನ್ನು ನಾನು ಓದಿದ್ದೇನೆ. ರಾತ್ರಿ ಮೂರಕ್ಕೆ ಹೋಗಿ. ಹತ್ತು ನಿಮಿಷ ನಿಂತು ಅವರ ಕೆಲಸ ನೋಡಿ. ಹಗಲು ನಡೆಯುವ ಪದ್ಧತಿ ರಾತ್ರಿ ಯಾಕೆ ನಡೆಯುವುದಿಲ್ಲ ಅಂತ ಅವರೇ ಹೇಳುತ್ತಾರೆ.

ಮೊದಲ ದಿನವೇ ಇಡೀ ವಾರ್ಡಿಗೆ ಜಾರಿ ಮಾಡಬೇಡಿ. ಒಬ್ಬ ನರ್ಸ್, ಒಂದು ಶಿಫ್ಟ್, ಇಬ್ಬರು ರೋಗಿಗಳು. ಏನು ತೊಡಕಾಯಿತು ಅಂತ ಅದೇ ಸಂಜೆ ಕೇಳಿ, ಸರಿ ಮಾಡಿ, ಮರುದಿನ ಮೂವರ ಜೊತೆ ನೋಡಿ. ಯೋಜಿಸು, ಮಾಡು, ಅಧ್ಯಯನ ಮಾಡು, ಮುಂದಿನ ಹೆಜ್ಜೆ ಇಡು ಅನ್ನುವ ಪಿಡಿಎಸ್‌ಎ ಚಕ್ರ ಅಂದರೆ ಇದೇ. ಪ್ರತಿ ವಾರ ಒಂದು ಹಾಳೆಯಲ್ಲಿ ಫಲಿತಾಂಶ ಬರೆದು ನರ್ಸ್‌ಗಳ ವಿಶ್ರಾಂತಿ ಕೋಣೆಯಲ್ಲಿ ಅಂಟಿಸಿ.

ಗೈಡ್ ಒಂದು ಹೇಳ್ತಾರೆ, ಆಸ್ಪತ್ರೆ ಮೆಂಟರ್ ಇನ್ನೊಂದು ಹೇಳ್ತಾರೆ. ನಾನು ಯಾರ ಮಾತು ಕೇಳಲಿ?

ನೀವು ದೂತರಾಗಬೇಡಿ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಹೊತ್ತುಕೊಂಡು ಓಡಾಡಿದರೆ ಇಬ್ಬರಿಗೂ ಅಸಮಾಧಾನವಾಗುತ್ತದೆ. ಮೂವರೂ ಒಟ್ಟಿಗೆ ಕೂರುವ ಅರ್ಧ ಗಂಟೆಯ ಮೀಟಿಂಗ್ ಕೇಳಿ. ಸೆಮಿಸ್ಟರ್‌ಗೆ ಕನಿಷ್ಠ ಎರಡು ಸಲ. ಓದಿನ ಗುಣಮಟ್ಟ, ಬರವಣಿಗೆ, ಅಳತೆಯ ವಿಧಾನ ಇವು ಗೈಡ್ ಮಾತು. ವಾರ್ಡಿನಲ್ಲಿ ಏನು ಮಾಡಬಹುದು, ಯಾವಾಗ ಮಾಡಬಹುದು, ರೋಗಿಗೆ ಏನು ಸುರಕ್ಷಿತ ಅನ್ನುವುದು ಆಸ್ಪತ್ರೆಯ ಮಾತು. ಈ ಗೆರೆಯನ್ನು ಮೊದಲ ಮೀಟಿಂಗ್‌ನಲ್ಲೇ ಎಳೆದುಕೊಂಡರೆ ಮುಂದೆ ಜಗಳ ಕಡಿಮೆ. ಮೀಟಿಂಗ್ ಮುಗಿದ ದಿನವೇ ತೀರ್ಮಾನಗಳನ್ನು ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಕಳಿಸಿ.

ನಡುವೆ ನರ್ಸ್ ಮ್ಯಾನೇಜರ್ ಕೆಲಸ ಬಿಟ್ಟು ಹೋದರು. ಈಗ?

ಹೊಸಬರು ಬಂದ ವಾರದಲ್ಲೇ ಹೋಗಿ ಭೇಟಿ ಆಗಿ, ಒಪ್ಪಿಗೆ ಪತ್ರ ತೋರಿಸಿ. ಇದು ಹಿಂದಿನವರು ಒಪ್ಪಿದ್ದು ಅಂತ ಒತ್ತಡ ಹಾಕಬೇಡಿ. ಅವರಿಗೂ ಒಂದು ಆಯ್ಕೆ ಕೊಡಿ. ಇಂಥ ದಿನಕ್ಕೆ ಅಂತಲೇ ಶುರುವಿನಿಂದ ಒಬ್ಬರ ಬದಲು ಇಬ್ಬರು ಬೆಂಬಲಿಗರನ್ನು ಇಟ್ಟುಕೊಳ್ಳಿ. ವಾರ್ಡಿನಲ್ಲಿ ಬಹಳ ವರ್ಷದಿಂದ ಇರುವ ಒಬ್ಬ ಅನುಭವಿ ನರ್ಸ್ ನಿಮ್ಮ ಜೊತೆ ಇದ್ದರೆ ಮ್ಯಾನೇಜರ್ ಬದಲಾದರೂ ಕೆಲಸ ನಿಲ್ಲುವುದಿಲ್ಲ.

ಮೊದಲು ಅಳೆದು, ಆಮೇಲೆ ಅಳೆದು, ಪಿ ವ್ಯಾಲ್ಯೂ ಹಾಕಿದ್ರೆ ಸಾಕಲ್ವಾ?

ಎಷ್ಟೋ ಸಲ ಸಾಲದು. ಪಿ ವ್ಯಾಲ್ಯೂ ಅಂದರೆ ವ್ಯತ್ಯಾಸ ಬರೀ ಆಕಸ್ಮಿಕವೋ ಅಂತ ತೂಗಲು ಬಳಸುವ ಅಂಕಿ. ರೋಗಿಗಳು ವಾರ್ಡಿನಲ್ಲಿ ಬೀಳುವುದನ್ನು ತಡೆಯುವ ಪ್ರಾಜೆಕ್ಟ್‌ನ ಒಂದು ಲೆಕ್ಕ ನೋಡಿ. 30 ಹಾಸಿಗೆಯ ವಾರ್ಡ್ ಮೂರು ತಿಂಗಳು ಪೂರ್ತಿ ತುಂಬಿತ್ತು ಅಂದುಕೊಳ್ಳಿ. ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ. 90 ದಿನಕ್ಕೆ 2700 ರೋಗಿ-ದಿನಗಳು. 1000 ರೋಗಿ-ದಿನಕ್ಕೆ 3 ಜನ ಬೀಳುತ್ತಿದ್ದರೆ ಮೂರು ತಿಂಗಳಲ್ಲಿ ಸುಮಾರು 8 ಜನ. ನಿಮ್ಮ ಪ್ರಾಜೆಕ್ಟ್ ಆದ ಮೇಲೆ ಅದು 5ಕ್ಕೆ ಇಳಿಯಿತು. ಖುಷಿ ಆಗುತ್ತದೆ. ಆದರೆ ಇಷ್ಟು ಚಿಕ್ಕ ಸಂಖ್ಯೆ ಏನೂ ಮಾಡದೆ ಇದ್ದರೂ 8ರಿಂದ 5ಕ್ಕೆ, 5ರಿಂದ 9ಕ್ಕೆ ಆಡುತ್ತಿರುತ್ತದೆ.

ಅದಕ್ಕೇ ಮೂರು ಬಗೆಯ ಅಳತೆ ಇಟ್ಟುಕೊಳ್ಳಿ. ಬೀಳುವವರ ಸಂಖ್ಯೆ ಫಲಿತಾಂಶದ ಅಳತೆ. ಗಂಟೆಗೊಮ್ಮೆ ರೋಗಿಯನ್ನು ನೋಡುವ ಕೆಲಸ ನಿಜವಾಗಿ ನೂರಕ್ಕೆ ಎಷ್ಟು ಸಲ ನಡೆಯಿತು ಅನ್ನುವುದು ಪ್ರಕ್ರಿಯೆಯ ಅಳತೆ. ಅದರಿಂದ ಔಷಧಿ ಕೊಡುವುದು ತಡವಾಯಿತಾ ಅನ್ನುವುದು ಸಮತೋಲನದ ಅಳತೆ. ವಿದ್ಯಾರ್ಥಿಯ ಅವಧಿಯಲ್ಲಿ ಚೆನ್ನಾಗಿ ಕಾಣುವುದು ಎರಡನೆಯದು. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಪ್ರಾಮಾಣಿಕತೆ ಕಾಣುವುದು ಅಲ್ಲೇ.

ಎರಡು ಬಾರ್‌ಗಳ ಚಿತ್ರದ ಬದಲು ವಾರವಾರದ ಸಂಖ್ಯೆಯನ್ನು ರನ್ ಚಾರ್ಟ್‌ನಲ್ಲಿ, ಅಂದರೆ ಕಾಲಕ್ರಮದಲ್ಲಿ ಬಿಂದು ಇಡುವ ನಕ್ಷೆಯಲ್ಲಿ ಹಾಕಿ. ನಡುವೆ ಮೀಡಿಯನ್ ಗೆರೆ ಎಳೆಯಿರಿ, ಅಂದರೆ ಅರ್ಧ ಬಿಂದುಗಳು ಮೇಲೆ, ಅರ್ಧ ಕೆಳಗೆ ಬರುವ ಮಧ್ಯದ ಗೆರೆ. ಗೆರೆಯ ಮೇಲೇ ಕೂತ ಬಿಂದುಗಳನ್ನು ಬಿಟ್ಟು, ಸತತ ಆರು ಅಥವಾ ಹೆಚ್ಚು ಬಿಂದುಗಳು ಒಂದೇ ಬದಿಯಲ್ಲಿ ಬಂದರೆ ಅದು ಆಕಸ್ಮಿಕ ಅಲ್ಲದಿರಬಹುದು. ಸತತ ಐದು ಅಥವಾ ಹೆಚ್ಚು ಬಿಂದುಗಳು ಏರುತ್ತಲೇ ಅಥವಾ ಇಳಿಯುತ್ತಲೇ ಹೋದರೂ ಹಾಗೇ. ನೀವು ಶುರು ಮಾಡುವ ಮೊದಲೇ ಇಳಿಕೆ ಆರಂಭ ಆಗಿತ್ತಾ ಅನ್ನುವುದು ರನ್ ಚಾರ್ಟ್‌ನಲ್ಲಿ ಕಾಣುತ್ತದೆ, ಎರಡು ಬಾರ್‌ಗಳಲ್ಲಿ ಕಾಣುವುದಿಲ್ಲ.

ಫಲಿತಾಂಶ ಏನೂ ಬರಲಿಲ್ಲ. ನನ್ನ ಡಿಗ್ರಿ ನಿಂತು ಹೋಗುತ್ತಾ?

ಫಲಿತಾಂಶ ಬರಲಿಲ್ಲ ಅನ್ನುವ ಕಾರಣಕ್ಕೆ ಡಿಗ್ರಿ ನಿಲ್ಲಬಾರದು. ನೀವು ಏನು ಮಾಡಿದಿರಿ, ಹೇಗೆ ಅಳೆದಿರಿ, ಯಾಕೆ ಆಗಲಿಲ್ಲ ಅನ್ನುವುದನ್ನು ಸರಿಯಾಗಿ ಬರೆದರೆ ಅದೂ ಆಸ್ಪತ್ರೆಗೆ ಬೆಲೆಬಾಳುವ ಮಾಹಿತಿ. ಪದ್ಧತಿ ಕೆಲಸ ಮಾಡಲಿಲ್ಲವಾ, ಅಥವಾ ಪದ್ಧತಿ ಜಾರಿಯೇ ಆಗಲಿಲ್ಲವಾ? ಇವೆರಡನ್ನು ಬೇರೆ ಮಾಡಿ ತೋರಿಸಲು ಪ್ರಕ್ರಿಯೆಯ ಅಳತೆ ಬೇಕು. ನೂರಕ್ಕೆ ಇಪ್ಪತ್ತು ಸಲ ಮಾತ್ರ ನಡೆದ ಪದ್ಧತಿಯನ್ನು ಸೋತಿತು ಅಂತ ಹೇಳಲು ಬರುವುದಿಲ್ಲ.

## ಮುಗಿದ ಮೇಲೆ

ಲೇಖನದಲ್ಲಿ ಯಾರ ಹೆಸರು ಬರಬೇಕು? ಆಸ್ಪತ್ರೆ ಹೆಸರು ಹಾಕಬಹುದಾ?

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ಗಣನೀಯ ಪಾಲಿರಬೇಕು. ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿರಬೇಕು. ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಇದ್ದವರು ಲೇಖಕರು. ಸಹಾಯ ಮಾಡಿದ ಉಳಿದವರಿಗೆ ಕೃತಜ್ಞತೆ ಹೇಳಿ. ಆಸ್ಪತ್ರೆ ಮೆಂಟರ್ ನಿಜವಾಗಿ ದುಡಿದಿದ್ದರೆ ಬರೆಯುವ ಹಂತಕ್ಕೂ ಅವರನ್ನು ಕರೆಯಿರಿ. ಕರೆಯದೇ ಇದ್ದು, ಅವರು ಬರೆಯಲಿಲ್ಲ ಅಂತ ಹೆಸರು ಬಿಡುವುದು ನ್ಯಾಯ ಅಲ್ಲ.

ಆಸ್ಪತ್ರೆಯ ಹೆಸರಿಗೆ ಲಿಖಿತ ಒಪ್ಪಿಗೆ ಬೇಕು. ಬರೆಯುವ ರೀತಿಗೆ ಸ್ಕ್ವಾಯರ್ ಮಾರ್ಗಸೂಚಿ ಇದೆ, ಈಗಿನ ರೂಪ 2015ರದ್ದು. ಕ್ವಾಲಿಟಿ ಕೆಲಸವನ್ನು ವರದಿ ಮಾಡಲೆಂದೇ ಮಾಡಿದ್ದು. ಪ್ರಸ್ತಾವನೆ ಬರೆಯುವಾಗಲೇ ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ನಾನು ಡಿಗ್ರಿ ತಗೊಂಡು ಹೋದ ತಕ್ಷಣ ಎಲ್ಲಾ ಹಳೆಯ ಥರಾನೇ ಆಗುತ್ತೆ. ಇದನ್ನು ತಡೆಯೋದು ಹೇಗೆ?

ನೀವೇ ಕೈಯಾರೆ ಮಾಡುತ್ತಿದ್ದ ಕೆಲಸಗಳ ಪಟ್ಟಿ ಮಾಡಿ. ದಿನಾ ನೆನಪಿಸುತ್ತಿದ್ದವರು ಯಾರು? ಹಾಳೆ ಮುದ್ರಿಸುತ್ತಿದ್ದವರು ಯಾರು? ಡೇಟಾ ಎಣಿಸುತ್ತಿದ್ದವರು ಯಾರು? ಎಲ್ಲದಕ್ಕೂ ಉತ್ತರ ನೀವೇ ಆಗಿದ್ದರೆ ನೀವು ಹೋದ ವಾರವೇ ಅದು ನಿಲ್ಲುತ್ತದೆ. ಕೊನೆಯ ನಾಲ್ಕು ವಾರದಲ್ಲಿ ಒಂದೊಂದನ್ನೇ ಬೇರೆಯವರಿಗೆ ಕೊಡುತ್ತಾ ಬನ್ನಿ. ನೆನಪಿಸುವುದನ್ನು ಎಲೆಕ್ಟ್ರಾನಿಕ್ ದಾಖಲೆಯೊಳಗೆ ಸೇರಿಸಲು ಆಗುತ್ತದಾ ಕೇಳಿ. ಹೊಸ ನರ್ಸ್‌ಗಳ ತರಬೇತಿಯಲ್ಲಿ ಅದು ಸೇರಿದರೆ ಇನ್ನೂ ಒಳ್ಳೆಯದು. ಕೊನೆಯ ವಾರ ನೀವು ವಾರ್ಡಿಗೆ ಹೋಗಲೇಬೇಡಿ, ಏನಾಗುತ್ತದೆ ಅಂತ ನೋಡಿ.

## ಆಸ್ಪತ್ರೆ ಮತ್ತು ಕಾಲೇಜು ನಡೆಸುವವರಿಗೆ

ನಾನು ಆಸ್ಪತ್ರೆಯ ನರ್ಸಿಂಗ್ ಶಿಕ್ಷಣ ವಿಭಾಗದಲ್ಲಿದ್ದೇನೆ. ಬೇರೆ ಬೇರೆ ಕಾಲೇಜಿನಿಂದ ವಿನಂತಿಗಳು ಬರ್ತಾನೇ ಇರ್ತವೆ. ಹೇಗೆ ನಿಭಾಯಿಸೋದು?

ಒಂದೇ ಬಾಗಿಲು ಮಾಡಿ. ಯಾವ ಕಾಲೇಜಿನವರೇ ಬರಲಿ, ಒಂದೇ ಅರ್ಜಿ, ಒಂದೇ ಸಮಿತಿ. ಪ್ರತಿ ವರ್ಷ ಆಸ್ಪತ್ರೆಗೆ ಬೇಕಾದ ಆರೇಳು ಸಮಸ್ಯೆಗಳ ಪಟ್ಟಿಯನ್ನು ಕಾಲೇಜುಗಳಿಗೆ ಕಳಿಸಿ. ಒಂದು ವಾರ್ಡಿನಲ್ಲಿ ಒಂದು ಹೊತ್ತಿಗೆ ಒಂದೇ ಪ್ರಾಜೆಕ್ಟ್ ಅಂತ ಮಿತಿ ಇಡಿ. ಹಳೆಯ ಪ್ರಾಜೆಕ್ಟ್‌ಗಳ ದಾಖಲೆ ಇಡಿ. ಒಂದೇ ವಿಷಯವನ್ನು ಮೂರನೇ ಸಲ ಮಾಡಿಸುವುದು ಅದರಿಂದ ತಪ್ಪುತ್ತದೆ.

ಮೆಂಟರ್ ಆಗುವ ನಿಮ್ಮ ಸಿಬ್ಬಂದಿಗೆ ಅದಕ್ಕಂತಲೇ ಸಮಯ ಕೊಡಿ. ಇದು ಉಪಕಾರವಾಗಿ ಮಾಡಿಸಿಕೊಳ್ಳುವ ಕೆಲಸ ಅಲ್ಲ. ಒಳ್ಳೆಯ ನರ್ಸಿಂಗ್‌ಗೆ ಆಸ್ಪತ್ರೆಗಳಿಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಇರುವ ಅಥವಾ ಬೇಕು ಅಂತಿರುವ ಆಸ್ಪತ್ರೆ ನಿಮ್ಮದಾದರೆ, ಸಾಕ್ಷ್ಯವನ್ನು ಬಳಕೆಗೆ ತಂದದ್ದಕ್ಕೆ ನೀವು ಹೇಗೂ ಉದಾಹರಣೆ ತೋರಿಸಬೇಕು. ಚೆನ್ನಾಗಿ ನಡೆದ ವಿದ್ಯಾರ್ಥಿ ಪ್ರಾಜೆಕ್ಟ್ ಅಂಥ ಉದಾಹರಣೆ ಆಗಬಲ್ಲದು.

ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಮಾಡೋದು ತುಂಬಾ ಕಡಿಮೆ. ಕಾಲೇಜಾಗಿ ನಾವು ಇದನ್ನು ದೊಡ್ಡದು ಮಾಡೋಕೆ ಆಗುತ್ತಾ?

ಆಗುತ್ತದೆ. ಪ್ರಾಜೆಕ್ಟ್ ಅನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಯೋಚಿಸುವ ಬದಲು ಸಮಸ್ಯೆಯ ಹೆಸರಿನಲ್ಲಿ ಯೋಚಿಸಿ. ಹಾಸಿಗೆ ಹುಣ್ಣು ತಡೆಯುವುದು ಒಂದು ಆಸ್ಪತ್ರೆಯ ಮೂರು ವರ್ಷದ ಗುರಿ ಆಗಿರಲಿ. ಮೊದಲ ವಿದ್ಯಾರ್ಥಿ ಈಗಿನ ಸ್ಥಿತಿ ಅಳೆದು ಒಂದು ವಾರ್ಡಿನಲ್ಲಿ ಪದ್ಧತಿ ಜಾರಿ ಮಾಡುತ್ತಾರೆ. ಎರಡನೆಯವರು ಅದನ್ನು ತಿದ್ದಿ ಮೂರು ವಾರ್ಡಿಗೆ ಒಯ್ಯುತ್ತಾರೆ. ಮೂರನೆಯವರು ಅದು ಉಳಿದಿದೆಯಾ ನೋಡಿ, ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ಸರಿ ಮಾಡುತ್ತಾರೆ. ಪ್ರತಿಯೊಬ್ಬರದ್ದೂ ಪೂರ್ತಿ ಪ್ರಾಜೆಕ್ಟೇ. ಆಸ್ಪತ್ರೆಗೂ ಪ್ರತಿ ವರ್ಷ ಹೊಸದಾಗಿ ಎಲ್ಲಾ ವಿವರಿಸುವ ಕೆಲಸ ಇಲ್ಲ.

ಇದು ನಡೆಯಬೇಕಾದರೆ ಕಾಲೇಜಿನಿಂದ ಒಬ್ಬರೇ ಗೈಡ್ ಆ ಮೂರು ವರ್ಷವೂ ಆ ಆಸ್ಪತ್ರೆಯ ಜೊತೆ ಇರಬೇಕು. ಅಲ್ಲಿನ ಕೌನ್ಸಿಲ್‌ನಲ್ಲಿ ಅವರಿಗೆ ಒಂದು ಕುರ್ಚಿ ಇದ್ದರೆ ಇನ್ನೂ ಚೆನ್ನ. ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಒಂದು ಹ್ಯಾಂಡ್‌ಆಫ್ ಕೂಡ ಬೇಕು, ಶಿಫ್ಟ್ ಬದಲಾಗುವಾಗ ಮಾಡುವ ಹಾಗೆ. ಎರಡು ಪುಟ ಸಾಕು. ಬಿದ್ದರು, ಹುಣ್ಣಾಯಿತು ಅಂತ ಯಾವುದನ್ನು ಎಣಿಸಿದೆವು, ಯಾವುದನ್ನು ಬಿಟ್ಟೆವು. ಕಡತ ಆಸ್ಪತ್ರೆಯ ಯಾವ ಫೋಲ್ಡರಿನಲ್ಲಿದೆ. ಡೇಟಾ ತೆಗೆದುಕೊಡುವವರು ಯಾವ ಹುದ್ದೆಯಲ್ಲಿದ್ದಾರೆ. ಏನು ಮಾಡಿ ನೋಡಿ ಬಿಟ್ಟೆವು, ಯಾಕೆ. ರಾತ್ರಿ ಶಿಫ್ಟ್‌ನಲ್ಲಿ ಮೊದಲು ಯಾರ ಹತ್ತಿರ ಮಾತಾಡಬೇಕು.